ಹಾಯಿಹಡಗಿನ ಪಾಠ: ಒಳನಾಡಿನ ಯುವಜನರಿಗೂ ಕಡಲ ದಾರಿ ತೆರೆಯಲಿ

ಯುವಜನರು ಸಿಬ್ಬಂದಿಯಾಗಿ ಹಡಗು ಹತ್ತಿ, ಕೆಲವು ದಿನ ಅಥವಾ ವಾರ ಅದನ್ನು ತಾವೇ ನಡೆಸುತ್ತ ಕಲಿಯುವ ಪದ್ಧತಿಗೆ ಹಾಯಿಹಡಗಿನ ತರಬೇತಿಯಾನ ಎಂದು ಹೆಸರು. ಎತ್ತರದ ಕೂವೆಮರಗಳು, ಅವುಗಳ ಅಡ್ಡಮರಗಳಿಗೆ ಕಟ್ಟಿದ ಚೌಕ ಹಾಯಿಗಳು ಇರುವ ದೊಡ್ಡ ಹಡಗುಗಳು ಇದಕ್ಕೆ ಬಳಕೆಯಾಗುತ್ತವೆ. ಭಾರತೀಯ ನೌಕಾಪಡೆಯಲ್ಲಿ ಇಂಥವು ಎರಡಿವೆ. ಐಎನ್‌ಎಸ್ ತರಂಗಿಣಿ 1997ರ ನವೆಂಬರ್ 11ರಂದು, ಐಎನ್‌ಎಸ್ ಸುದರ್ಶಿನಿ 2012ರ ಜನವರಿ 27ರಂದು ಸೇವೆಗೆ ಸೇರಿದವು. ಎರಡನ್ನೂ ಕಟ್ಟಿದ್ದು ಗೋವಾ ಶಿಪ್‌ಯಾರ್ಡ್. ಎರಡಕ್ಕೂ ಕೊಚ್ಚಿಯೇ ನೆಲೆ.

ಈ ತರಬೇತಿ ಕರಾವಳಿಯವರಿಗೆ, ಅದರಲ್ಲೂ ನೌಕಾಪಡೆ ಸೇರುವವರಿಗೆ ಮಾತ್ರ ಎಂಬ ಭಾವನೆ ಬೇರೂರಿದೆ. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯಂಥ ಹೋಬಳಿಯಲ್ಲಿ ಓದುವ ಹುಡುಗ ಹುಡುಗಿಯರಿಗೆ ಇಂಥದೊಂದು ತರಬೇತಿ ಇದೆ ಎಂಬುದೇ ತಿಳಿಯದು. ಅವರಿಗೆ ಸಾಮರ್ಥ್ಯದ ಕೊರತೆಯಿಲ್ಲ. ಊರಿನ ಶಾಲೆಯಿಂದ ಹಡಗಿನ ಡೆಕ್ಕಿನವರೆಗೆ ದಾರಿ ಇಲ್ಲ, ಅಷ್ಟೆ. ಆ ದಾರಿಯನ್ನು ಕರ್ನಾಟಕ ಮಾಡಿಕೊಡಬೇಕು, ಮಾಡಿಕೊಡಲು ಬೇಕಾದ ಬಹುಪಾಲು ಸವಲತ್ತು ನಾಡಿನಲ್ಲಿ ಈಗಾಗಲೇ ಇದೆ.

ತರಂಗಿಣಿಯ ಉದ್ದ 54 ಮೀಟರ್. ಮೂರು ಕೂವೆಮರಗಳಲ್ಲಿ 20 ಹಾಯಿಗಳಿವೆ. ಎಲ್ಲವನ್ನೂ ಬಿಚ್ಚಿದರೆ ಒಟ್ಟು ವಿಸ್ತೀರ್ಣ ಸುಮಾರು 965 ಚದರ ಮೀಟರ್, ಅಂದರೆ ಒಂಬತ್ತೂವರೆ ಗುಂಟೆ. ಅಷ್ಟಗಲದ ಬಟ್ಟೆಯನ್ನು ಗಾಳಿಗೆ ಒಡ್ಡುವುದು, ಗಾಳಿ ಜೋರಾದಾಗ ಸುತ್ತಿ ಕಟ್ಟುವುದು ಮನುಷ್ಯರ ತೋಳ್ಬಲದಿಂದಲೇ ಆಗಬೇಕು. ಹೆಚ್ಚೆಂದರೆ ಮೂವತ್ತು ನಲವತ್ತು ಮಂದಿ ಶಿಕ್ಷಣಾರ್ಥಿಗಳು ಏಕಕಾಲಕ್ಕೆ ಇರುವ ಹಡಗಿನಲ್ಲಿ ಯಾರೊಬ್ಬರೂ ಸುಮ್ಮನೆ ನಿಂತು ನೋಡುವಂತಿಲ್ಲ.

ಹಡಗಿನ ದಿನಚರಿಯೇ ಇಲ್ಲಿನ ಪಠ್ಯ. ಶಿಕ್ಷಣಾರ್ಥಿಗಳನ್ನು ಪಾಳಿಗಳಾಗಿ ಹಂಚುತ್ತಾರೆ. ನಾಲ್ಕು ಗಂಟೆಯ ಪಾಳಿ, ಬಳಿಕ ಬಿಡುವು, ಮತ್ತೆ ಪಾಳಿ. ಹಗಲು ರಾತ್ರಿಯ ಭೇದವಿಲ್ಲ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಮುಂದೆ ನಿಂತು ಕಡಲು ಕಾಯುತ್ತಾರೆ, ಉಳಿದವರು ಹಗ್ಗಗಳ ಬಳಿ ಸಿದ್ಧರಿರುತ್ತಾರೆ. ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸುವ ಹೊತ್ತು ನಿಜವಾದ ಪರೀಕ್ಷೆ. ಒಂದು ಮಗ್ಗುಲಿನವರು ಅಡ್ಡಮರದ ಹಗ್ಗ ಎಳೆಯುತ್ತಿದ್ದಂತೆ ಎದುರು ಮಗ್ಗುಲಿನವರು ಅದೇ ಅಳತೆಯಲ್ಲಿ ಸಡಿಲಿಸುತ್ತ ಹೋಗಬೇಕು. ಒಂದು ಕಡೆಯವರು ಹಟ ಹಿಡಿದರೆ ಅಡ್ಡಮರ ಅರ್ಧಕ್ಕೇ ನಿಲ್ಲುತ್ತದೆ, ಹಡಗು ವೇಗ ಕಳೆದುಕೊಳ್ಳುತ್ತದೆ. ಮೇಲಿನ ಹಾಯಿ ಕಟ್ಟಲು ಹಗ್ಗದ ಏಣಿ ಏರಿದವರು, ಅಡ್ಡಮರದ ಕೆಳಗೆ ಇಳಿಬಿಟ್ಟ ಕಾಲುಹಗ್ಗದ ಮೇಲೆ ಸಾಲಾಗಿ ನಿಲ್ಲುತ್ತಾರೆ. ಹೊಸಬರೊಬ್ಬರು ಕಾಲಿಟ್ಟೊಡನೆ ಆ ಹಗ್ಗ ಎಲ್ಲರ ಕಾಲಡಿಯಲ್ಲೂ ಅಲುಗುವುದರಿಂದ, ಹೆಜ್ಜೆ ಇಡುವ ಮೊದಲು ಪಕ್ಕದವರಿಗೆ ಕೂಗಿ ಹೇಳುವುದು ನಿಯಮ. ತನ್ನ ನಡೆ ಇನ್ನೊಬ್ಬರ ಜೀವಕ್ಕೆ ತಾಗುತ್ತದೆ ಎಂಬ ಅರಿವು ಮೈಗೆ ಹತ್ತುವುದು ಇಂಥ ಅಭ್ಯಾಸದಲ್ಲಿ. ಜಾತಿ, ಊರು, ಭಾಷೆಯ ಗುಂಪು ಕಟ್ಟಿಕೊಂಡು ಹಗ್ಗ ಎಳೆಯಲು ಬರುವುದಿಲ್ಲ.

ಯಂತ್ರದ ಹಡಗುಗಳು ಬಂದ ಮೇಲೂ ಹಾಯಿ ಉಳಿದುಕೊಂಡಿರುವುದು ಈ ಕಾರಣಕ್ಕೆ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಆರಂಭಿಸಿದರು. ಮುಳುಗಿದ ಹಡಗುಗಳಿಂದ ಬದುಕಿ ಬರುವಲ್ಲಿ ಹಳಬರಿಗಿಂತ ಎಳೆಯ ನಾವಿಕರು ಹಿಂದೆ ಬೀಳುತ್ತಿದ್ದಾರೆ, ಅವರಿಗೆ ಬೇಕಾಗಿರುವುದು ಮನೋಬಲ ಎಂಬುದು ಹೋಲ್ಟ್ ಅವರ ಗ್ರಹಿಕೆಯಾಗಿತ್ತು. 1956ರಲ್ಲಿ ಇಂಗ್ಲೆಂಡಿನ ಟಾರ್ಕಿಯಿಂದ ಲಿಸ್ಬನ್‌ಗೆ ದೊಡ್ಡ ಹಾಯಿಹಡಗುಗಳ ಮೊದಲ ಸ್ಪರ್ಧೆ ನಡೆಯಿತು. ಇಂದು ಆ ಸ್ಪರ್ಧೆಗಳಲ್ಲಿ ಭಾಗವಹಿಸುವ ಹಡಗಿನ ಸಿಬ್ಬಂದಿಯಲ್ಲಿ ಕನಿಷ್ಠ ಅರ್ಧದಷ್ಟು ಮಂದಿ 15ರಿಂದ 25 ವರ್ಷದೊಳಗಿನವರಾಗಿರಬೇಕು. ಅವರಲ್ಲಿ ನಾವಿಕ ವೃತ್ತಿ ಹಿಡಿಯುವವರು ಕೆಲವರೇ. ಉಳಿದವರು ಕಲಿತದ್ದನ್ನು ತಮ್ಮ ತಮ್ಮ ಬದುಕಿಗೆ ಒಯ್ಯುತ್ತಾರೆ.

ಭಾರತದ ಸಾಧನೆಯೂ ಸಣ್ಣದಲ್ಲ. ಸೇನೆಯ ಎಂಜಿನಿಯರುಗಳ ದಳದ ‘ತೃಷ್ಣಾ’ ದೋಣಿ 1985–87ರಲ್ಲಿ ಭೂಪ್ರದಕ್ಷಿಣೆ ಮಾಡಿತು. ತರಂಗಿಣಿ 2003–04ರಲ್ಲಿ ಜಗತ್ತು ಸುತ್ತಿ ಬಂತು. ಸುದರ್ಶಿನಿ 2012–13ರಲ್ಲಿ ಆಗ್ನೇಯ ಏಷ್ಯಾದ ಒಂಬತ್ತು ದೇಶಗಳಿಗೆ ಹೋಗಿ ಬಂತು. ‘ತಾರಿಣಿ’ ಹಾಯಿದೋಣಿಯಲ್ಲಿ 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು, 2024–25ರಲ್ಲಿ ಇಬ್ಬರೇ ಮಹಿಳಾ ಅಧಿಕಾರಿಗಳು ಭೂಪ್ರದಕ್ಷಿಣೆ ಮುಗಿಸಿದರು. ಆದರೆ ಇವೆಲ್ಲ ಸೇನಾಪಡೆಗಳ ಒಳಗಿನ ಸಾಧನೆಗಳು. ಸಾಮಾನ್ಯ ಮನೆಯ ಯುವಜನರು ಅರ್ಜಿ ಹಾಕಿ ದೊಡ್ಡ ಹಾಯಿಹಡಗು ಹತ್ತುವ ನಿಯತ ವ್ಯವಸ್ಥೆ ನಮ್ಮಲ್ಲಿ ಬೆಳೆದಿಲ್ಲ.

ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಕರಾವಳಿ ಇದೆ, ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಪ್ರಾಚೀನ ರೀತಿಯಲ್ಲಿ ಕಟ್ಟಿದ ‘ಕೌಂಡಿನ್ಯ’ ಹಾಯಿಹಡಗು 2025ರ ಮೇ 21ರಂದು ನೌಕಾಪಡೆಗೆ ಸೇರಿದ್ದು ಕಾರವಾರದಲ್ಲೇ. ಒಳನಾಡಿಗೂ ಕಡಲಿನ ನಂಟು ಹೊಸದಲ್ಲ. 1796ರಲ್ಲಿ ಟಿಪ್ಪು ಸುಲ್ತಾನ್ ನೌಕಾಬಲ ಕಟ್ಟುವ ವಿಸ್ತಾರವಾದ ಯೋಜನೆ ರೂಪಿಸಿ, ಪಶ್ಚಿಮ ಕರಾವಳಿಯಲ್ಲಿ ಹಡಗು ಕಟ್ಟಲು ಆದೇಶ ಕೊಟ್ಟಾಗ ರಾಜಧಾನಿ ಶ್ರೀರಂಗಪಟ್ಟಣವಾಗಿತ್ತು. 1799ರಲ್ಲಿ ಆ ರಾಜಧಾನಿಯ ಪತನದೊಂದಿಗೆ ಯೋಜನೆ ನಿಂತುಹೋಯಿತು. ನಮ್ಮ ಕಾಲಕ್ಕೆ ಬಂದರೆ, ಕಡಲಿನಿಂದ ನೂರಾರು ಕಿ.ಮೀ. ದೂರದ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಹಾಯಿದೋಣಿ ಪಟುಗಳನ್ನು ಬೆಳೆಸಿದೆ. ಹಾಯಿ ಕಲಿಯಲು ಮೊದಲಿಗೆ ಬೇಕಾದದ್ದು ಗಾಳಿ ಮತ್ತು ತೆರೆದ ನೀರು. ಕಡಲು ಆಮೇಲಿನ ಮಾತು.

ಅಂಥ ನೀರು ಶೀಳನೆರೆಯ ಸೀಮೆಗೆ ಹತ್ತಿರದಲ್ಲೇ ಇದೆ. ಕೃಷ್ಣರಾಜಸಾಗರ (ಕೆಆರ್‌ಎಸ್) ಅಣೆಕಟ್ಟೆ 124.80 ಅಡಿಗೆ ತುಂಬಿದಾಗ 49.45 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಆ ಹಿನ್ನೀರು ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳ ಒಳಗೂ ಚಾಚಿದೆ. ಹೇಮಾವತಿ, ಲಕ್ಷ್ಮಣತೀರ್ಥಗಳು ಕಾವೇರಿಯನ್ನು ಸೇರುವ ಅಂಬಿಗರಹಳ್ಳಿಯ ಸಂಗಮ ಇದೇ ಭಾಗದಲ್ಲಿದೆ. ಹರಿಗೋಲು, ತೆಪ್ಪ ನಡೆಸುವ ಮೀನುಗಾರರ ಕೈಗೆ ಇಲ್ಲಿನ ಗಾಳಿ ಮತ್ತು ನೀರಿನ ನಾಡಿ ಗೊತ್ತು. ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿದೋಣಿ ಸ್ಪರ್ಧೆಗಳೂ ನಡೆದಿವೆ. ದಡದ ಹಳ್ಳಿಗಳ ಮಕ್ಕಳು ಅವುಗಳಲ್ಲಿ ನೋಡುವವರಾಗಿ ಉಳಿಯಬಾರದು.

ದಾರಿಯನ್ನು ಮೂರು ಮೆಟ್ಟಿಲುಗಳಲ್ಲಿ ಕಟ್ಟಬಹುದು. ಮೊದಲನೆಯದು ಈಜು ಮತ್ತು ಸಣ್ಣ ಹಾಯಿದೋಣಿ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ರೂಪಿಸಿದ ‘ಆಪ್ಟಿಮಿಸ್ಟ್’ ದೋಣಿಯ ಉದ್ದ 2.3 ಮೀಟರ್ ಮಾತ್ರ. ಒಂದು ಮಗು ಒಂದೇ ಹಾಯಿ ಹಿಡಿದು ಅದನ್ನು ನಡೆಸಬಹುದು. ಅಣೆಕಟ್ಟೆ ತುಂಬಿರುವ ಮಳೆಗಾಲದ ಕೊನೆಯ ತಿಂಗಳುಗಳಲ್ಲಿ, ಕಾವೇರಿ ನೀರಾವರಿ ನಿಗಮದ ಅನುಮತಿ ಪಡೆದು, ಅಣೆಕಟ್ಟೆಯ ಭದ್ರತಾ ವಲಯದಿಂದ ದೂರದಲ್ಲಿ ಶಿಬಿರ ನಡೆಸಬಹುದು. ಹಾಯಿದೋಣಿಗೆ ಇಂಧನ ಬೇಡವಾದ್ದರಿಂದ ಕುಡಿಯುವ ನೀರು ಕೆಡುವುದಿಲ್ಲ. ನಾಲೆ, ಕೆರೆ, ಕೃಷಿಹೊಂಡಗಳ ನಡುವೆ ಬದುಕುವ ಮಂಡ್ಯದ ಮಕ್ಕಳಿಗೆ ಈಜು ಬರಬೇಕಾದದ್ದು ಹೇಗೂ ಅಗತ್ಯ.

ಎರಡನೆಯದು ಎನ್‌ಸಿಸಿ. 1948ರಲ್ಲಿ ಆರಂಭವಾದ ಈ ಸಂಸ್ಥೆಯ ನೌಕಾ ವಿಭಾಗ ಮಂಗಳೂರು, ಉಡುಪಿ, ಮೈಸೂರುಗಳಲ್ಲಿ ಘಟಕ ಹೊಂದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಸರ್ಕಾರಿ ಪ್ರೌಢಶಾಲೆ, ಕಾಲೇಜುಗಳಿಗೆ ಅದರ ವ್ಯಾಪ್ತಿ ಹಿಗ್ಗಿದರೆ, ಹಲವರು ಕೂಡಿ ನಡೆಸುವ ದೊಡ್ಡ ದೋಣಿಯ ಅಭ್ಯಾಸ ಇಲ್ಲೇ ಸಿಗುತ್ತದೆ. ಮೂರನೆಯದು ಕಡಲು. ತರಂಗಿಣಿ ಮತ್ತು ಸುದರ್ಶಿನಿಯ ಕರಾವಳಿ ಯಾನಗಳಲ್ಲಿ ಕೆಲವು ಸ್ಥಾನಗಳನ್ನು ನಾಗರಿಕ ಯುವಜನರಿಗೆ ಕೊಡಿಸಲು ರಾಜ್ಯ ಸರ್ಕಾರ ನೌಕಾಪಡೆಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು. ಆಯ್ಕೆ ಹೋಬಳಿ ಮಟ್ಟದಿಂದ ನಡೆಯಲಿ, ಅರ್ಧ ಸ್ಥಾನ ಹೆಣ್ಣುಮಕ್ಕಳಿಗಿರಲಿ, ವೆಚ್ಚ ಸರ್ಕಾರದ್ದಾಗಿರಲಿ. ಶುಲ್ಕ ಇಟ್ಟರೆ ಇದು ಉಳ್ಳವರ ಮನರಂಜನೆಯಾಗಿಬಿಡುತ್ತದೆ.

ಅಪಾಯದ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. 1957ರಲ್ಲಿ ಜರ್ಮನಿಯ ‘ಪಾಮಿರ್’ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದಾಗ ಹಡಗಿನಲ್ಲಿದ್ದ 86 ಮಂದಿಯಲ್ಲಿ ಬದುಕಿದವರು ಆರೇ ಜನ. ಸತ್ತವರಲ್ಲಿ ಬಹಳಷ್ಟು ಮಂದಿ ಎಳೆಯ ಶಿಕ್ಷಣಾರ್ಥಿಗಳು. 2010ರಲ್ಲಿ ಬ್ರೆಜಿಲ್ ಬಳಿ ಮಗುಚಿದ ‘ಕಾಂಕಾರ್ಡಿಯಾ’ ತರಬೇತಿ ಹಡಗಿನ 64 ಮಂದಿಯೂ ರಕ್ಷಣಾ ತೆಪ್ಪಗಳನ್ನು ಹತ್ತಿ ಬದುಕಿದರು. ಒಳ್ಳೆಯ ಉಪಕರಣ, ಮತ್ತೆ ಮತ್ತೆ ಮಾಡಿಸಿದ ಅಭ್ಯಾಸ, ಅನುಭವಿ ಅಧಿಕಾರಿಗಳು ಇವು ಜೀವ ಉಳಿಸುತ್ತವೆ. ಕೆಆರ್‌ಎಸ್ ಶಿಬಿರದಲ್ಲೂ ಲೈಫ್ ಜಾಕೆಟ್, ಜೊತೆಗೆ ಸಾಗುವ ರಕ್ಷಣಾ ದೋಣಿ, ತರಬೇತಾದ ಈಜುಗಾರರು ಇಲ್ಲದೆ ಒಂದು ಹಾಯಿಯೂ ಏಳಬಾರದು; ಗಾಳಿ ಕೆಟ್ಟಾಗ ಶಿಬಿರ ನಿಲ್ಲಿಸುವ ಅಧಿಕಾರ ಬೋಧಕರಿಗೇ ಇರಬೇಕು.

ಮೊದಲ ಹೆಜ್ಜೆಗೆ ದೊಡ್ಡ ಹಡಗಾಗಲಿ ದೊಡ್ಡ ಬಜೆಟ್ ಆಗಲಿ ಬೇಕಿಲ್ಲ. ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ, ಎನ್‌ಸಿಸಿ, ನೀರಾವರಿ ನಿಗಮ ಒಟ್ಟಿಗೆ ಕೂತು ಹಿನ್ನೀರಿನಲ್ಲಿ ಒಂದು ಹಂಗಾಮಿನ ಶಿಬಿರ ನಡೆಸಿದರೆ ಸಾಕು. ಕಡಲಿಗೆ ಕಳಿಸಬಲ್ಲ ಮಕ್ಕಳು ಯಾರೆಂಬುದು ಅಲ್ಲಿಯೇ ಗೊತ್ತಾಗುತ್ತದೆ.