ಎತ್ತು ಸತ್ತರೂ ಸಾಲ ಸಾಯುವುದಿಲ್ಲ



ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದ ಎತ್ತು ನೋಡನೋಡುತ್ತ ಒದ್ದಾಡಿ ಬೀಳುತ್ತದೆ. ನಾವು "ದೃಷ್ಟಿ ತಾಕೇತಿ, ನಮ್ಮ ಹಣೇಬಾರ" ಎಂದು ಗುಂಡಿ ತೋಡುತ್ತೇವೆ. ಎತ್ತು ಹೋತು, ಸೊಸೈಟಿ ಸಾಲ ಉಳೀತು.

ಇದು ಹಣೇಬಾರವಲ್ಲ. ಎಳೆ ಜೋಳದಲ್ಲಿ, ಕೊಯ್ದ ಮೇಲೆ ಒಡೆದ ಕೂಳೆಯಲ್ಲಿ ಧುರ್ರಿನ್ ಎಂಬ ವಸ್ತುವಿದೆ. ದನದ ಹೊಟ್ಟೆಯಲ್ಲಿ ಅದರಿಂದ ಸಯನೈಡ್ ಹುಟ್ಟುತ್ತದೆ. ಡನ್‌ಸ್ಟನ್ ಮತ್ತು ಹೆನ್ರಿ ಎಂಬ ವಿಜ್ಞಾನಿಗಳು ಇದನ್ನು 1902ರಲ್ಲೇ ಕಂಡುಹಿಡಿದರು. ಡಾಕ್ಟರು ಕೂಡಲೇ ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ಸೂಜಿಯನ್ನು ರಕ್ತನಾಳಕ್ಕೆ ಕೊಟ್ಟರೆ ದನ ಬದುಕಬಲ್ಲದು.

ಖಾನಾಪುರದ ಕಾಡಂಚಿನವರಿಗೆ ವೈರಿ ಬೇರೆ: ಲಂಟಾನ. ಅದರೊಳಗಿನ ಲಂಟಾಡೀನ್ ಯಕೃತ್ತನ್ನು ಕೆಡಿಸುತ್ತದೆ. ಕಣ್ಣು ಹಳದಿಯಾಗಿ, ಬಿಸಿಲಿಗೆ ಚರ್ಮ ಬಿರಿಯುತ್ತದೆ. ಇಲ್ಲಿ ಜೋಳದ ಸೂಜಿ ನಡೆಯದು. ನೆರಳಲ್ಲಿ ಕಟ್ಟಬೇಕು, ಡಾಕ್ಟರು ಔಷಧಿ ಇದ್ದಿಲ ಪುಡಿ ಕುಡಿಸಬೇಕು. ವಿಷದ ಹೆಸರು ತಿಳಿಯದೆ ಮದ್ದು ಕೊಡುವುದು ಹೇಗೆ?

ಸತ್ತ ದನದ ಹೊಟ್ಟೆಯ ಮೇವನ್ನು ಬಿಗಿಯಾಗಿ ಮುಚ್ಚದೆ, ಮಂಜುಗಡ್ಡೆಯಿಲ್ಲದೆ ಬೆಳಗಾವಿಗೆ ಬಸ್ಸಿನಲ್ಲಿ ಒಯ್ದರೆ ಸಯನೈಡ್ ದಾರಿಯಲ್ಲೇ ಆರಿಹೋಗುತ್ತದೆ. ವಿಮೆಯವರಿಗೆ ಏನು ತೋರಿಸುತ್ತೀರಿ? ಸೋಡಿಯಂ ಪಿಕ್ರೇಟಿನಲ್ಲಿ ಅದ್ದಿದ ಹಳದಿ ಕಾಗದ ಸಯನೈಡಿನ ಹಬೆ ತಾಗಿದರೆ ಇಟ್ಟಿಗೆಯಂತೆ ಕೆಂಪಾಗುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಆ ಕಾಗದ, ಆ ಸೂಜಿ ನಿಮ್ಮ ಪಶು ದವಾಖಾನಿಯಲ್ಲಿವೆಯೇ? ನಾಳೆಯೇ ಹೋಗಿ ಕೇಳಿರಿ. ಇಲ್ಲವೆಂದರೆ ನಾಲ್ಕೂರಿನವರು ಕೂಡಿ ಬೆಳಗಾವಿಯ ಜಿಲ್ಲಾ ಕಚೇರಿಗೆ ನಡೆಯೋಣ.

ಅಲ್ಲಿಯತನಕ ಹೂವಾಡದ ಜೋಳಕ್ಕೆ ದನ ಬಿಡಬೇಡಿರಿ.