ಮಕ್ಕಳನ್ನು ಗಟ್ಟಿ ಮಾಡುವುದು ಪೆಟ್ಟಲ್ಲ, ಜೊತೆಗೆ ನಿಲ್ಲುವವರು

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನವಲಗುಂದ ತಾಲ್ಲೂಕಿನ ನಮ್ಮೂರ ಕಟ್ಟೆಯ ಮೇಲೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ನಾಕ್ ಪೆಟ್ಟು ಬಿದ್ದಿದ್ರ ಪಾಸಾಗ್ತಿದ್ದ’. ಇನ್ನೊಂದು, ‘ಈಗಿನ ಹುಡುಗ್ರು ಭಾಳ ಸೂಕ್ಷ್ಮ ರೀ, ಏನೂ ಅನ್ನಂಗಿಲ್ಲ’. ಮೊದಲಿನವರು ಹೊಡೆದರೆ ಮಗು ಗಟ್ಟಿಯಾಗುತ್ತದೆ ಎಂದು ನಂಬಿದ್ದಾರೆ. ಎರಡನೆಯವರು ಮಗುವಿಗೆ ಏನೂ ತಾಗದಂತೆ ಕಾಯುತ್ತಾರೆ. ಬಿ.ಇಡಿ ಮುಗಿಸಿ ಶಿಕ್ಷಕರ ನೇಮಕಾತಿಗಾಗಿ ಓದುತ್ತಾ ಮನೆಯಲ್ಲಿರುವ ನನಗೆ ಇವೆರಡೂ ಸರಿ ಕಾಣುವುದಿಲ್ಲ.

ಪೆಟ್ಟಿನ ವಿಷಯ ಮೊದಲು ನೋಡೋಣ. 2016ರಲ್ಲಿ ಅಮೆರಿಕದ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್, ಐದು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1.6 ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದರು. ಕೈಯಿಂದ ಕೊಡುವ ಸಾಮಾನ್ಯ ಏಟು ತಿಂದ ಮಕ್ಕಳಲ್ಲೂ ಅವರಿಗೆ ಕಂಡದ್ದು ಹೆಚ್ಚು ಸಿಟ್ಟು, ಹೆಚ್ಚು ಮಾನಸಿಕ ತೊಂದರೆ. ಲಾಭ ಏನೂ ಕಾಣಲಿಲ್ಲ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯಲ್ಲಿ ಮಾತ್ರ ಹಳೆಯ ಕಾಯ್ದೆಯೇ ನಡೆದಿದೆ.

ಅಪ್ಪಂದಿರನ್ನೇ ದೂರಿ ಪ್ರಯೋಜನವಿಲ್ಲ. ಒಂದು ವರ್ಷ ಬೆಣ್ಣಿಹಳ್ಳ ಉಕ್ಕಿ ಪೈರು ಕೊಚ್ಚಿಹೋಗುತ್ತದೆ, ಮರುವರ್ಷ ಮಳೆಯೇ ಇಲ್ಲ. ಸಾಲದ ಸಿಟ್ಟು ಮಕ್ಕಳ ಬೆನ್ನ ಮೇಲೆ ಇಳಿಯುತ್ತದೆ. ಆದರೆ ಕಷ್ಟವೇ ಮಕ್ಕಳನ್ನು ಗಟ್ಟಿ ಮಾಡುವುದಾಗಿದ್ದರೆ ನಮ್ಮ ತಾಲ್ಲೂಕಿನಲ್ಲಿ ಶಾಲೆ ಬಿಟ್ಟವರೇ ಇರಬಾರದಿತ್ತು.

ಹಾಗಾದರೆ ಗಟ್ಟಿತನ ಎಲ್ಲಿಂದ ಬರುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರು 40 ವರ್ಷದವರೆಗೂ ಗಮನಿಸಿದರು. ಬಡತನ, ಮನೆಯ ಜಗಳ, ತಂದೆ-ತಾಯಿಯ ಕುಡಿತ ಅಥವಾ ಮಾನಸಿಕ ಕಾಯಿಲೆ ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿ ನೆಮ್ಮದಿಯ, ಜವಾಬ್ದಾರಿಯ ಮನುಷ್ಯರಾದರು. ಅವರ ಬದುಕಿನಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಂಡಿತು: ಕೈಬಿಡದೆ ಜೊತೆಗೆ ನಿಂತ ಕನಿಷ್ಠ ಒಬ್ಬ ಹಿರಿಯ ಜೀವ. ಅದು ಹೆತ್ತವರೇ ಆಗಿರಬೇಕಿರಲಿಲ್ಲ. ಅಜ್ಜಿ, ಅಕ್ಕ, ಚಿಕ್ಕಮ್ಮ, ಮೇಷ್ಟ್ರು ಯಾರೂ ಆಗಬಹುದಿತ್ತು. ಜೊತೆಗೆ, ಆ ಮಕ್ಕಳಿಗೆ ಮನೆಯಲ್ಲಿ ತಮ್ಮದೇ ಆದ ಕೆಲಸ, ಹೊಣೆ ಇತ್ತು.

ಇದಕ್ಕೆ ಹವಾಯಿವರೆಗೆ ಹೋಗಬೇಕಾಗಿಯೂ ಇಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಜಾತಿಯ ಕಾರಣಕ್ಕೆ, ಹಾಡುವವರ ಮನೆಯವಳು ಎಂಬ ಕಾರಣಕ್ಕೆ ಹಂಗಿಸಿಕೊಂಡೇ ಬೆಳೆದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ಅವರು ತಮ್ಮ ಹಾಡನ್ನೇ ಬಿಟ್ಟರು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಗುರುಗಳ ಪಾಠ ಬಹಳ ಕಠಿಣ, ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಹಾಡಿಸುವಂಥದ್ದು. ಬೆನ್ನಿಗೆ ನಿಂತ ತಾಯಿ, ಸುಲಭಕ್ಕೆ ಒಪ್ಪದ ಗುರು: ಪ್ರೀತಿ ಮತ್ತು ಶಿಸ್ತು ಎರಡೂ ಸಿಕ್ಕವು. ಹಂಗಿಸಿದ್ದರಿಂದ ಅವರು ಗಂಗೂಬಾಯಿ ಆಗಲಿಲ್ಲ.

ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಈ ಸಲ ಗಣಿತ ಹೋಯಿತು. ಹುಡುಗಿ ನಾಪಾಸಾದರೆ ನಮ್ಮ ಕಡೆ ಮೊದಲು ಬರುವುದು ವರನ ಮಾತು. ಇವಳ ಮನೆಯಲ್ಲೂ ಬಂತು. ತಡೆದವರು ಆಕೆಯ ಅಜ್ಜಿ. ‘ಆಕಿ ಮತ್ತೊಮ್ಮೆ ಬರೀಲಿ. ಮದುವಿ ಎಲ್ಲಿ ಓಡಿ ಹೋಗ್ತದ?’ ಎಂದರು. ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜಿ ವರ್ನರ್ ಹೇಳಿದ ‘ಆ ಒಬ್ಬರು’. ಈಗ ಹುಡುಗಿ ಹಗಲು ಹೆಸರಿನ ಹೊಲದಲ್ಲಿ ಕಳೆ ತೆಗೆದು, ಸಂಜೆ ‘ಅಕ್ಕಾ, ಇದೊಂದು ಲೆಕ್ಕ’ ಎಂದು ನಮ್ಮ ಪಡಸಾಲೆಗೆ ಬರುತ್ತಾಳೆ.

ಅವಳಿಗೆ ನಾನು ‘ಶಾಣ್ಯಾಕಿ ಅದಿ’ ಎನ್ನುವುದಿಲ್ಲ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಣರೆಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಒಮ್ಮೆ ಸೋತ ಮೇಲೆ ಹಿಂಜರಿದರು. ಚೆನ್ನಾಗಿ ಪ್ರಯತ್ನಪಟ್ಟಿರಿ ಎಂದು ಹೊಗಳಿಸಿಕೊಂಡವರು ಸೋತ ಮೇಲೂ ಬಿಡದೆ ಮುಂದುವರಿದರು. ಆದ್ದರಿಂದ ‘ಈ ಹೆಜ್ಜಿ ಬರೋಬರಿ ಹಾಕೀದಿ, ಮುಂದಿಂದು ನೋಡು’ ಎನ್ನುತ್ತೇನೆ. ಲೆಕ್ಕವನ್ನು ನಾನೇ ಬಿಡಿಸಿ ಕೊಡುವುದಿಲ್ಲ. ಪಕ್ಕದಲ್ಲಿ ಮಾತ್ರ ಕೂತಿರುತ್ತೇನೆ.

ಕವಾಯಿಯ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಹದಿಹರೆಯದಲ್ಲಿ ಎಡವಿದ ಅನೇಕರು ಎರಡನೇ ಅವಕಾಶ ಸಿಕ್ಕಾಗ ಎದ್ದು ನಿಂತರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಸರ್ಕಾರ ಬಾಗಿಲು ತೆರೆದಿದೆ, ಮನೆಯವರು ಅದನ್ನು ಮುಚ್ಚಬಾರದು. ಮಗು ಊಟ-ಮಾತು ಬಿಟ್ಟು ಒಳಗೊಳಗೇ ಕುಸಿಯುತ್ತಿದ್ದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಧಾರವಾಡದ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ.

ಇದು ಅಪ್ಪ-ಅಮ್ಮಂದಿರ ಪಾಠ, ನಮಗೇಕೆ ಎಂದು ಕಾಲೇಜಿನ ಗೆಳೆಯರು ಕೇಳಬಹುದು. ಸಪ್ತಾಪುರದ ರೂಮುಗಳಲ್ಲಿ ನೇಮಕಾತಿ ಅಧಿಸೂಚನೆಗೆ ಕಾಯುತ್ತಿರುವ ನಮಗೆ ಸೋಲು ಎಂದರೇನೆಂದು ಗೊತ್ತು. ಒಂದೆರಡು ಅಂಕದಲ್ಲಿ ಕೆಲಸ ತಪ್ಪಿದಾಗ ಯಾವ ಮಾತು ಚುಚ್ಚಿತು, ಯಾವ ಮಾತು ಎತ್ತಿ ನಿಲ್ಲಿಸಿತು ಎಂಬುದೂ ಗೊತ್ತು. ಹಾಗಾಗಿ ನಮ್ಮ ಮನೆಯ ಕಿರಿಯರಿಗೆ ‘ಆ ಒಬ್ಬರು’ ಆಗಲು ನಾವು ತಾಯಿ-ತಂದೆ ಆಗುವವರೆಗೆ ಕಾಯಬೇಕಿಲ್ಲ. ಈ ಭಾನುವಾರ ಊರಿಗೆ ಹೋದಾಗ ತಮ್ಮ-ತಂಗಿಗೆ ‘ಎಷ್ಟು ಬಿದ್ದಾವು?’ ಎನ್ನುವ ಬದಲು ‘ಎಲ್ಲಿ ತೊಡಕಾಗೇತಿ? ಬಾ, ಕೂಡೋಣು’ ಎನ್ನಿ. ಅದಕ್ಕೆ ಯಾವ ನೇಮಕಾತಿ ಆದೇಶವೂ ಬೇಕಿಲ್ಲ.