ಮೀನಿನ ತೊಟ್ಟಿಗೂ ಹೆಪ್ಪು ಬೇಕು

ಮಕ್ಕಳಿಗೆ ರಜೆ ಬಂತೆಂದರೆ ಹಠ ಶುರು: "ಅಮ್ಮಾ, ಮೀನು ಸಾಕೋಣ." ಸರಿ, ಗಾಜಿನ ತೊಟ್ಟಿ ಬರುತ್ತದೆ, ಬಣ್ಣದ ಮೀನೂ ಬರುತ್ತದೆ. ಒಂದು ವಾರ ಮನೆಯೆಲ್ಲ ಸಂಭ್ರಮ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಮೀನು ಮಗುಚಿಕೊಂಡು ತೇಲುತ್ತಿರುತ್ತದೆ. "ಯಾಕಮ್ಮಾ ಸತ್ತೋಯ್ತು?" ಎಂದು ಮಗು ಕೇಳಿದರೆ ಏನೆನ್ನುವುದು? ದೃಷ್ಟಿ ತಾಕಿತು, ಅಂಗಡಿಯವನು ಮೋಸ ಮಾಡಿದ ಎನ್ನುತ್ತೇವೆ. ಬಹಳ ಸಲ ಎರಡೂ ಅಲ್ಲ. ತೊಟ್ಟಿ ಹೊಸದು, ಅದೇ ಕಾರಣ.

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿಂದುಳಿದ ಆಹಾರ ಕೊಳೆತು ನೀರಿಗೆ ಅಮೋನಿಯಾ ಸೇರುತ್ತದೆ. ಮೀನಿಗೆ ಅದು ವಿಷ. ಹಳೆಯ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ. ನೈಟ್ರೇಟ್ ಅಷ್ಟು ಅಪಾಯವಲ್ಲ. ಆಗಾಗ ಸ್ವಲ್ಪ ನೀರು ಬದಲಾಯಿಸಿದರೆ ಹತೋಟಿಯಲ್ಲಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ತಾನಾಗಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಹಾಲು ತಾನಾಗಿ ಮೊಸರಾಗಲಿ ಎಂದು ನಾವು ಕಾಯುತ್ತೇವೆಯೇ? ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತರುತ್ತೇವೆ. ಇಲ್ಲೂ ಹಾಗೆಯೇ ಮಾಡಬಹುದು. ಆದರೆ ಹಳೇ ತೊಟ್ಟಿಯ ನೀರು ತಂದು ಸುರಿದರೆ ಸಾಲದು. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ತಳದ ಕಲ್ಲುಗಳಿಗೆ ಅಂಟಿಕೊಂಡಿರುತ್ತವೆ, ನೀರಿನಲ್ಲಿರುವುದು ಅತ್ಯಲ್ಪ.

ಮೊದಲು ಹೊಸ ತೊಟ್ಟಿಗೆ ನೀರು ತುಂಬಿ, ಕ್ಲೋರಿನ್ ತೆಗೆಯುವ ಔಷಧಿ ಹಾಕಿ, ಫಿಲ್ಟರ್ ಓಡಿಸಿಡಿ. ತಿಂಗಳುಗಟ್ಟಲೆ ಮೀನು ಆರೋಗ್ಯವಾಗಿರುವ ಪರಿಚಯದವರ ತೊಟ್ಟಿಯಿಂದ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಅವರ ಮೀನುಗಳೂ ಬದುಕಬೇಕಲ್ಲ! ರೋಗ ಬಂದ ತೊಟ್ಟಿಯದಂತೂ ಬೇಡವೇ ಬೇಡ, ರೋಗವೂ ಜೊತೆಗೇ ಬರುತ್ತದೆ.

ಸ್ಪಂಜನ್ನು ಅದೇ ತೊಟ್ಟಿಯ ನೀರಿನಲ್ಲಿ ನೆನೆದಿರುವಂತೆ ಡಬ್ಬಿಯಲ್ಲಿಟ್ಟು, ಬಿಸಿಲು ತಾಗಿಸದೆ, ನೇರವಾಗಿ ಮನೆಗೆ ತನ್ನಿ. ಒಣಗಿದರೆ ಕೆಟ್ಟಿತು. ಗಲೀಜಾಗಿದೆಯೆಂದು ನಲ್ಲಿಯ ಕೆಳಗೆ ಹಿಡಿದು ತೊಳೆದೀರಿ, ಜೋಕೆ! ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಹಾಗೇ ಹೊಸ ಫಿಲ್ಟರಿನಲ್ಲಿ ಸೇರಿಸಿಬಿಡಿ.

ಅಂದೇ ಅಥವಾ ಮಾರನೆಯ ದಿನ ಮೀನು ಬಿಡಿ. ತಡಮಾಡಿದರೆ ಬ್ಯಾಕ್ಟೀರಿಯಾಗಳಿಗೆ ಅಮೋನಿಯಾ ಎಂಬ ಆಹಾರವಿಲ್ಲದೆ ಬಲ ಕುಂದುತ್ತದೆ. ಆದರೆ 40 ಲೀಟರಿನ ತೊಟ್ಟಿಗೆ ಮೊದಲು ಮೂರು ನಾಲ್ಕು ಗಪ್ಪಿ ಮೀನು ಸಾಕು. ಚಮಚ ಹೆಪ್ಪಿಗೆ ಕೊಡದಷ್ಟು ಹಾಲು ಸುರಿದರೆ ಮೊಸರಾದೀತೇ? ಗೋಲ್ಡ್ ಫಿಶ್ ಬಹಳ ಗಲೀಜು ಮಾಡುತ್ತದೆ, ಚಿಕ್ಕ ತೊಟ್ಟಿಗೆ ಬೇಡ. ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಕರೆಂಟು ಹೋಗಿ ಬಂದಾಗ ಫಿಲ್ಟರ್ ಮತ್ತೆ ಓಡುತ್ತಿದೆಯೇ ಎಂದು ನೋಡಿ. ಆ ಬ್ಯಾಕ್ಟೀರಿಯಾಗಳಿಗೂ ಗಾಳಿ ಬೇಕು.

ಹೆಪ್ಪು ಹಿಡಿದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ತಿಳಿನೀರೂ ವಿಷವಾಗಿರಬಹುದು. ಮೀನಿನ ಅಂಗಡಿಯಲ್ಲಿ ನೀರು ಪರೀಕ್ಷಿಸುವ ಕಿಟ್ ಸಿಗುತ್ತದೆ. ಮೊದಲ ಕೆಲವು ವಾರ ಎರಡು ದಿನಕ್ಕೊಮ್ಮೆ ನೋಡಿ. ಅಮೋನಿಯಾ, ನೈಟ್ರೈಟ್ ಕಂಡರೆ ಕಾಲು ಭಾಗ ನೀರು ಬದಲಾಯಿಸಿ. ಹೊಸ ನೀರಿಗೂ ಕ್ಲೋರಿನ್ ಔಷಧಿ ಮರೆಯಬೇಡಿ. ಎರಡೂ ಒಂದು ವಾರ ಸೊನ್ನೆಯಲ್ಲೇ ನಿಂತ ಮೇಲೆ ಇನ್ನೆರಡು ಮೀನು ತನ್ನಿ.